ಡಾಲ್ಟನ್ ಹೆದ್ದಾರಿಗೆ ಚಳಿಗಾಲದಲ್ಲಿ ಪಿಕಪ್ ಒಯ್ಯುವವರಿಗೆ

ನಕ್ಷೆ ನೋಡಿ ಮೋಸ ಹೋಗಬೇಡಿ. ಅಲಾಸ್ಕಾದ ಡಾಲ್ಟನ್ ಹೆದ್ದಾರಿ ಉತ್ತರಕ್ಕೆ 666 ಕಿ.ಮೀ. ಓಡಿ ಆರ್ಕ್ಟಿಕ್ ಸಾಗರಕ್ಕೆ ತಾಗಿದಂತೆ ಕಾಣುತ್ತದೆ. ತಾಗುವುದಿಲ್ಲ. ದಾರಿ ಮುಗಿಯುವ ಡೆಡ್‌ಹಾರ್ಸ್‌ನಿಂದ ನೀರು ಇನ್ನೂ ಸುಮಾರು 13 ಕಿ.ಮೀ. ದೂರ, ನಡುವೆ ತೈಲಕ್ಷೇತ್ರದ ಕಾವಲು ಗೇಟು. ಖಾಸಗಿ ಗಾಡಿ ಒಳಗೆ ಬಿಡುವುದಿಲ್ಲ. ಪ್ರವಾಸಿಗರನ್ನು ಕರೆದೊಯ್ಯುವ ವ್ಯಾನು ಬೇಸಿಗೆಗೆ ಮಾತ್ರ. ಜನವರಿಯ ಮೊದಲರ್ಧದಲ್ಲಿ ಅಲ್ಲಿ ಸೂರ್ಯನೂ ಹುಟ್ಟುವುದಿಲ್ಲ. ಅಷ್ಟು ದೂರ ಹೋಗಿ ಕತ್ತಲಲ್ಲಿ ಗೇಟು ನೋಡಿ ಬರುವುದಕ್ಕಿಂತ, ಮೊದಲ ಸಲದವರು ನಡುದಾರಿಯ ತಂಗುದಾಣವಾದ ಕೋಲ್ಡ್‌ಫುಟ್‌ನಿಂದಲೇ ಮರಳುವುದು ಮೇಲು.

ಬಾಡಿಗೆ ಗಾಡಿಯಲ್ಲೂ ಇಂಥದ್ದೇ ಒಂದು ಮೋಸ ಅಡಗಿದೆ. ಬಹುತೇಕ ಕಂಪನಿಗಳ ಕರಾರಿನ ಸಣ್ಣಕ್ಷರದಲ್ಲಿ ಜಲ್ಲಿ ರಸ್ತೆಗೆ ಇಳಿಸಬಾರದು ಎಂದಿರುತ್ತದೆ. ಇಳಿಸಿದರೆ ವಿಮೆ ಇಲ್ಲ, ಎಳೆದು ತರುವ ಖರ್ಚೂ ನಿಮ್ಮದೇ. ಡಾಲ್ಟನ್ ಎಂಬ ಹೆಸರನ್ನೇ ಕರಾರಿನಲ್ಲಿ ಬರೆದು ಗಾಡಿ ಕೊಡುವವರು, ಈ ದಾರಿಗೆ ಹೊರಡುವ ಊರಾದ ಫೇರ್‌ಬ್ಯಾಂಕ್ಸ್‌ನಲ್ಲಿ ಕೆಲವರಿದ್ದಾರೆ, ಅವರಲ್ಲೇ ತೆಗೆದುಕೊಳ್ಳಿ. ಬಾಯಿಮಾತಿನ ‘ಪರವಾಗಿಲ್ಲ ಹೋಗಿ’ಗೆ ಬೆಲೆ ಇಲ್ಲ. ಫೇರ್‌ಬ್ಯಾಂಕ್ಸ್‌ನಲ್ಲಿ ಏನು ನೋಡಬೇಕೆಂದು ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡೋಣ.

ಓಡುತ್ತಿರುವ ಪಿಕಪ್ಪನ್ನು ಚಳಿ ಅಷ್ಟಾಗಿ ಕಾಡುವುದಿಲ್ಲ, ನಿಲ್ಲಿಸಿದ್ದನ್ನು ಕಾಡುತ್ತದೆ. ಈ ದಾರಿಯ ಪಕ್ಕದ ಪ್ರಾಸ್ಪೆಕ್ಟ್ ಕ್ರೀಕ್‌ನಲ್ಲಿ 1971ರ ಜನವರಿ 23ರಂದು ಮೈನಸ್ 62 ಡಿಗ್ರಿ ದಾಖಲಾಗಿತ್ತು. ಅಮೆರಿಕದಲ್ಲಿ ಅದಕ್ಕಿಂತ ಕಡಿಮೆ ಇದುವರೆಗೆ ದಾಖಲಾಗಿಲ್ಲ. ಮೈನಸ್ 40 ಅಲ್ಲಿ ಸುದ್ದಿಯೇ ಅಲ್ಲ. ಹಾಗಾಗಿ ಗಾಡಿ ಕೈಗೆ ಬಂದೊಡನೆ ನೋಡಬೇಕಾದದ್ದು ಮುಂದಿನ ಗ್ರಿಲ್‌ನಿಂದ ಹೊರಗೆ ಇಣುಕುವ ಪ್ಲಗ್ಗನ್ನು. ಅದು ಬ್ಲಾಕ್ ಹೀಟರಿನ ವೈರು: ಇಂಜಿನ್ನಿನೊಳಗಿನ ಕೂಲಂಟನ್ನು, ಅಂದರೆ ಓಡುವಾಗ ಇಂಜಿನ್ನನ್ನು ತಂಪಿಡುವ ದ್ರವವನ್ನು, ನಿಂತಾಗ ಬಿಸಿ ಇಡುವ ಕಾಯಿಲ್. ಪ್ಲಗ್ ಇದೆ ಎಂದರೆ ಹೀಟರ್ ಕೆಲಸ ಮಾಡುತ್ತದೆ ಎಂದಲ್ಲ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಪ್ಲಗ್ಗಿನ ಎರಡು ಚಪ್ಪಟೆ ಪಿನ್ನಿಗೆ ಇಟ್ಟು ಓಮ್ ನೋಡಿ. 120 ವೋಲ್ಟಿನ 400 ವಾಟ್ ಹೀಟರಾದರೆ 36ರ ಆಸುಪಾಸು, 1000 ವಾಟಿನದಾದರೆ 14. ಏನೂ ತೋರಿಸದಿದ್ದರೆ ಕಾಯಿಲ್ ಅಥವಾ ವೈರು ಹೋಗಿದೆ, ಗಾಡಿ ಬದಲಿಸಿ. ಎಕ್ಸ್‌ಟೆನ್ಷನ್ ವೈರು 12 ಗೇಜಿನದ್ದು, ಮೂರು ಪಿನ್ನಿನದ್ದು, ಚಳಿಗೆಂದೇ ಮಾಡಿದ್ದು ಇರಲಿ. ಮನೆಬಳಕೆಯ ವೈರು ಮೈನಸ್ 30ರಲ್ಲಿ ಬೆತ್ತದಂತೆ ಸೆಟೆದು, ಸುತ್ತುವಾಗ ಸಿಪ್ಪೆ ಒಡೆಯುತ್ತದೆ. ಹೊರಡುವ ಮೂರ್ನಾಲ್ಕು ಗಂಟೆ ಮೊದಲು ಪ್ಲಗ್ ಹಾಕಿದರೆ ಸಾಕು, ಆದರೆ ಮೈನಸ್ 40 ಇದ್ದರೆ ರಾತ್ರಿಯಿಡೀ ಇರಲಿ.

ಕೂಲಂಟ್ ವಿಷಯದಲ್ಲಿ ಅತಿಬುದ್ಧಿ ಬೇಡ. ಎಥಿಲೀನ್ ಗ್ಲೈಕಾಲ್ ಅರ್ಧ, ನೀರು ಅರ್ಧ ಇದ್ದರೆ ಸುಮಾರು ಮೈನಸ್ 37ರವರೆಗೆ ಹೆಪ್ಪುಗಟ್ಟುವುದಿಲ್ಲ. ಗ್ಲೈಕಾಲ್ 60, ನೀರು 40 ಮಾಡಿದರೆ ಮೈನಸ್ 52. ಇನ್ನೂ ಒಳ್ಳೆಯದಾಗಲಿ ಎಂದು ನೀರೇ ಇಲ್ಲದೆ ಸುರಿದರೆ ಮೈನಸ್ 13ರಲ್ಲೇ ಗಟ್ಟಿಯಾಗುತ್ತದೆ! ಒಂದು ಹನಿ ಸಾಕು, ರಿಫ್ರಾಕ್ಟೋಮೀಟರ್ ಎಂಬ ಪುಟ್ಟ ಸಾಧನ ಮಿಶ್ರಣದ ಅಳತೆ ಹೇಳುತ್ತದೆ. ಆಯಿಲ್ ಚಳಿಯಲ್ಲೂ ಹರಿಯುವ 0ಡಬ್ಲ್ಯು ಶ್ರೇಣಿಯ ಸಿಂಥೆಟಿಕ್ ಇರಬೇಕು. ಬ್ಯಾಟರಿಯ ಮೇಲೆ ಬರೆದ ಸಿಸಿಎ (ಚಳಿಯಲ್ಲಿ ಸ್ಟಾರ್ಟ್ ಮಾಡುವ ಶಕ್ತಿ) ಅಂಕಿ ಮೈನಸ್ 18ರಲ್ಲಿ ಅಳೆದದ್ದು, ಅದಕ್ಕಿಂತ ಕೆಳಗೆ ಆ ಶಕ್ತಿ ಇರುವುದಿಲ್ಲ. ಖಾಲಿಯಾದ ಬ್ಯಾಟರಿ ಹೆಪ್ಪುಗಟ್ಟುತ್ತದೆ, ಮೈ ಉಬ್ಬಿರುತ್ತದೆ. ಅಂಥದ್ದಕ್ಕೆ ಜಂಪ್ ವೈರು ಹಚ್ಚಿದರೆ ಸಿಡಿಯುವ ಅಪಾಯ ಇದೆ.

ಡೀಸೆಲ್ ಪಿಕಪ್ಪಿನಲ್ಲಿ ದಕ್ಷಿಣದಿಂದ ಬರುವವರು ಟ್ಯಾಂಕಿನಲ್ಲಿ ಯಾವ ಡೀಸೆಲ್ ಇದೆ ಎಂದು ಮರೆಯುತ್ತಾರೆ. ನಂಬರ್ 2 ಡೀಸೆಲ್‌ನಲ್ಲಿರುವ ಮೇಣ ಚಳಿಗೆ ಹರಳಾಗಿ ಫಿಲ್ಟರಿಗೆ ಅಂಟಿಕೊಳ್ಳುತ್ತದೆ. ಗಾಡಿ ಸ್ಟಾರ್ಟ್ ಆಗಿ, ಸ್ವಲ್ಪ ದೂರ ಓಡಿ, ಉಸಿರು ಕಟ್ಟಿದಂತೆ ನಿಲ್ಲುತ್ತದೆ. ಉತ್ತರದಲ್ಲಿ ಮೇಣ ಕಡಿಮೆ ಇರುವ ನಂಬರ್ 1 ಹಾಕಿಸಿ, ಒಂದು ಫಿಲ್ಟರ್ ಜೊತೆಗಿರಲಿ.

ಇನ್ನೊಂದು, ಹೆಚ್ಚಿನವರು ಹೇಳದೆ ಬಿಡುವ ತೊಂದರೆ. ಚಳಿಗೆ ಹೆದರಿ ಇಂಜಿನ್ನನ್ನು ತಾಸುಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಟ್ಟರೆ ಅದು ಪೂರ್ತಿ ಬಿಸಿಯಾಗುವುದಿಲ್ಲ. ಉರಿದ ಪೆಟ್ರೋಲಿನ ನೀರಾವಿ ಇಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿಗೆ ಇಳಿದು, ಹೊರಹೋಗುವ ಬ್ರೀದರ್ ಕೊಳವೆಯಲ್ಲಿ ಮಂಜಾಗಿ ಕೂರುತ್ತದೆ. ಕೊಳವೆ ಕಟ್ಟಿದರೆ ಒಳಗಿನ ಒತ್ತಡಕ್ಕೆ ದಾರಿ ಬೇಕಲ್ಲ, ಹಿಂದಿನ ಆಯಿಲ್ ಸೀಲನ್ನೇ ತಳ್ಳಿ ಹೊರಬರುತ್ತದೆ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಬಿಳಿ ಜಿಗುಟು ಕಂಡರೆ, ಡಿಪ್‌ಸ್ಟಿಕ್ ತಾನಾಗಿ ಮೇಲೆದ್ದಿದ್ದರೆ, ಅದೇ ಮುನ್ಸೂಚನೆ. ರೇಡಿಯೇಟರಿನ ಮುಂದೆ ರಟ್ಟು ಕಟ್ಟುವುದು ಇದಕ್ಕೇ. ಮುಕ್ಕಾಲು ಭಾಗ ಮುಚ್ಚಿ, ನಡುವೆ ಅಂಗೈ ಅಗಲದ ಕಿಂಡಿ ಬಿಡಿ, ಪ್ಲಾಸ್ಟಿಕ್ ಟೈಗಳಿಂದ ಬಿಗಿಯಿರಿ. ಕೋಲ್ಡ್‌ಫುಟ್ ದಾಟಿ ಮುಂದೆ ಹೋದರೆ ಸಿಗುವ ಅಟಿಗನ್ ಘಾಟಿಯ ಏರಿನಲ್ಲಿ ಉಷ್ಣತೆಯ ಮುಳ್ಳು ಮೇಲೇರಿದರೆ ತೆಗೆಯಿರಿ.

ಸ್ಟಾರ್ಟ್ ಮಾಡಿದ ಮೇಲೆ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಬೇಡಿ, ಗಟ್ಟಿಯಾದ ಎಣ್ಣೆ ಹೋಸನ್ನು ಒಡೆಯುತ್ತದೆ. ಮೊದಲ ಏಳೆಂಟು ಕಿ.ಮೀ. ನಿಧಾನ. ರಾತ್ರಿ ನಿಂತಲ್ಲಿ ಚಪ್ಪಟೆಯಾದ ಟೈರು ಅಷ್ಟು ದೂರ ದಡಬಡ ಅನ್ನುತ್ತದೆ, ಅದಕ್ಕೆ ಹೆದರುವುದು ಬೇಡ. ಹೆದರಬೇಕಾದದ್ದು ಗಾಳಿಗೆ: ಪ್ರತಿ 5.6 ಡಿಗ್ರಿ ಇಳಿತಕ್ಕೆ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ. 20 ಡಿಗ್ರಿಯ ಗ್ಯಾರೇಜಿನಲ್ಲಿ ತುಂಬಿಸಿದ ಟೈರು ಮೈನಸ್ 40ಕ್ಕೆ ಬರುವಷ್ಟರಲ್ಲಿ 10ಕ್ಕೂ ಹೆಚ್ಚು ಕಳೆದುಕೊಂಡಿರುತ್ತದೆ. ಮೂರು ಶಿಖರದೊಳಗೆ ಹಿಮದ ಹರಳಿನ ಗುರುತಿರುವ ಟೈರೇ ಬೇಕು, ಮೊಳೆ ಇದ್ದರೆ ಇನ್ನೂ ಒಳ್ಳೆಯದು. ರಿಮ್ ಸಮೇತ ಪೂರ್ಣ ಗಾತ್ರದ ಎರಡು ಸ್ಟೆಪ್ನಿ ಒಯ್ಯಿರಿ.

ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಮಂಜಿನ ಮೇಲೆ ಬಾಲ ಬೀಸುತ್ತದೆ. 27 ಕೆ.ಜಿ.ಯ ನಾಲ್ಕು ಮರಳ ಮೂಟೆ ಹಿಂದಿನ ಆಕ್ಸಲ್ ಮೇಲಕ್ಕೆ ಬರುವಂತೆ ಇಟ್ಟು ಬಿಗಿಯಿರಿ. ಹಿಂಬಾಗಿಲಿನ ಹತ್ತಿರ ಇಟ್ಟರೆ ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಸಿಕ್ಕಿಬಿದ್ದರೆ ಅದೇ ಮರಳು ಚಕ್ರದಡಿಗೆ. ಫೋರ್ ವೀಲ್ ಡ್ರೈವ್ ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಇದನ್ನು ಮರೆತವರ ಗಾಡಿಗಳೇ ಚರಂಡಿಯಲ್ಲಿ ಕಾಣುವುದು.

1974ರಲ್ಲಿ ತೈಲ ಪೈಪ್‌ಲೈನಿನ ಸಾಮಾನು ಸಾಗಿಸಲು ಮಾಡಿದ ದಾರಿ ಇದು, ಕೊನೆಯವರೆಗೆ ಸಾರ್ವಜನಿಕರಿಗೆ ತೆರೆದದ್ದು 1994ರಲ್ಲಿ. ಇವತ್ತಿಗೂ ಲಾರಿಯವರ ದಾರಿಯೇ. ಲಾರಿಯವರು ತಮ್ಮೊಳಗೆ ಮಾತಾಡಲು ಬಳಸುವ ಸಿಬಿ ರೇಡಿಯೋ ನಿಮ್ಮಲ್ಲೂ ಇರಲಿ, ಅದು 19ನೇ ಚಾನೆಲ್‌ನಲ್ಲಿರಲಿ. ಕಡಿದಾದ ಏರು ಹತ್ತುವ ಮೊದಲು ‘ಉತ್ತರಕ್ಕೆ ಹೊರಟ ಪಿಕಪ್’ ಎಂದು ಇಂಗ್ಲಿಷಿನಲ್ಲಿ ಹೇಳಿ. ಎದುರಿಗೆ ಲಾರಿ ಬಂದರೆ ಬಲಕ್ಕೆ ಸರಿದು ವೇಗ ಇಳಿಸಿ. ಅದು ಎಬ್ಬಿಸುವ ಹಿಮದ ಧೂಳಿನಲ್ಲಿ ಏನೂ ಕಾಣುವುದಿಲ್ಲ. ಆಗ ಬ್ರೇಕ್ ಒದ್ದರೆ ಹಿಂದಿನವನು ಗುದ್ದುತ್ತಾನೆ. ಹೆಡ್‌ಲೈಟ್ ಹಗಲೂ ಉರಿಯುತ್ತಿರಲಿ.

ಫೇರ್‌ಬ್ಯಾಂಕ್ಸ್‌ನಿಂದ ಕೋಲ್ಡ್‌ಫುಟ್‌ಗೆ ಸುಮಾರು 415 ಕಿ.ಮೀ., ಯೂಕಾನ್ ನದಿಯ ಬಳಿಯ ಪಂಪನ್ನು ಚಳಿಗಾಲದಲ್ಲಿ ನಂಬಬೇಡಿ. ಕೋಲ್ಡ್‌ಫುಟ್‌ನಿಂದ ಮುಂದೆ 385 ಕಿ.ಮೀ. ಏನೂ ಇಲ್ಲ. ಕೋಲ್ಡ್‌ಫುಟ್‌ನ ಲಾರಿ ಹೋಟೆಲ್ಲನ್ನು ಮಾತ್ರ ಎಷ್ಟು ಹೊಗಳಿದರೂ ಕಡಿಮೆ. 1978ರ ಇಡಿಟರಾಡ್ ನಾಯಿಬಂಡಿ ಓಟ ಗೆದ್ದ ಡಿಕ್ ಮ್ಯಾಕಿ, 1981ರಲ್ಲಿ ಹಳೆಯ ಶಾಲಾ ಬಸ್ಸಿನಲ್ಲಿ ಹ್ಯಾಂಬರ್ಗರ್ ಮಾರುತ್ತ ಶುರುಮಾಡಿದ ಜಾಗ. ಊಟಕ್ಕೆ ನಿಲ್ಲುತ್ತಿದ್ದ ಲಾರಿಯವರೇ ಪೈಪ್‌ಲೈನಿನ ಮರದ ಪೆಟ್ಟಿಗೆಗಳನ್ನು ತಂದುಕೊಟ್ಟು ಕಟ್ಟಡ ಎಬ್ಬಿಸಲು ಕೈ ಹಚ್ಚಿದರು. ಬಿಸಿ ಊಟ, ಕಾಫಿ, ಹೊರಗೆ ಸಾಲಾಗಿ ಗುರುಗುಟ್ಟುವ ಲಾರಿಗಳು. ಮುಂದಿನ ದಾರಿಯ ಸ್ಥಿತಿ ಯಾವ ಆ್ಯಪಿಗಿಂತಲೂ ಸರಿಯಾಗಿ ಗೊತ್ತಿರುವುದು ದಕ್ಷಿಣಕ್ಕೆ ಇಳಿಯುತ್ತಿರುವ ಚಾಲಕರಿಗೆ. ಪಕ್ಕದ ಮೇಜಿನವರನ್ನು ಕೇಳಿ. ಆರ್ಕ್ಟಿಕ್ ವೃತ್ತದ ಫಲಕದ ಮುಂದೆ ಫೋಟೋಕ್ಕೆ ಸರದಿ ಕಾಯುವ ಗುಂಪಿನಲ್ಲಿ ನಿಲ್ಲುವುದಕ್ಕಿಂತ ಆ ಅರ್ಧ ತಾಸನ್ನು ಇಲ್ಲಿ ಕಳೆಯುವುದು ಒಳ್ಳೆಯದು. ಊಟಕ್ಕೆ ಕೂರುವ ಮೊದಲು ಟ್ಯಾಂಕ್ ತುಂಬಿಸಿ. ರಾತ್ರಿ ಉಳಿಯುವುದಾದರೆ ಪ್ಲಗ್ ಹಾಕಲು ಜಾಗ ಎಲ್ಲಿ ಎಂದು ಕೋಣೆಯ ಕೀಲಿಗಿಂತ ಮೊದಲು ಕೇಳಿ. ಹ್ಯಾಂಡ್‌ಬ್ರೇಕ್ ಹಾಕಬೇಡಿ, ಒದ್ದೆ ಕೇಬಲ್ ಹೆಪ್ಪುಗಟ್ಟಿದರೆ ಬೆಳಿಗ್ಗೆ ಚಕ್ರ ತಿರುಗುವುದಿಲ್ಲ. ಸಮತಟ್ಟಾದ ಕಡೆ ಪಾರ್ಕ್ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಟ್ಟಿಗೆ ತುಂಡು ಕೊಡಿ.

ಮರಳಿ ಫೇರ್‌ಬ್ಯಾಂಕ್ಸ್‌ಗೆ ಬಂದಮೇಲೆ ಬಿಸಿ ಶೆಡ್ಡಿನಲ್ಲಿ ಗಾಡಿಯ ಅಡಿಭಾಗ ತೊಳೆಸಿ. ಬಾಗಿಲಿನ ರಬ್ಬರನ್ನು ಬಟ್ಟೆಯಿಂದ ಒರೆಸಿ ಸಿಲಿಕಾನ್ ಹಚ್ಚದಿದ್ದರೆ, ಹೊರಗೆ ತಂದ ಹತ್ತೇ ನಿಮಿಷಕ್ಕೆ ಬಾಗಿಲು ಅಂಟಿಕೊಂಡು, ಎಳೆದರೆ ಹಿಡಿ ಕೈಗೆ ಬರುತ್ತದೆ. ನಾಲ್ಕೈದು ಕಿ.ಮೀ. ಓಡಿಸುತ್ತ ಆಗಾಗ ಬ್ರೇಕ್ ಮುಟ್ಟಿ ನೀರು ಆರಿಸಿಕೊಂಡ ಮೇಲೆಯೇ ಗಾಡಿ ನಿಲ್ಲಿಸಿ.