ಎಲೆಗೂ ಪರಿಮಳಕ್ಕೂ ನಂಟಿದ್ದರೆ

ಜರ್ಮನಿಯ ಹ್ಯಾಂಬರ್ಗಿನಲ್ಲಿ ಚಹಾ ಕೊಳ್ಳಲು ಮೊದಲು ಬೇಕಾದದ್ದು ಮೂಗು. ನಮ್ಮ ಬೀದಿಯ ಚಹಾ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ದೊಡ್ಡ ದೊಡ್ಡ ಡಬ್ಬಿಗಳಿವೆ. ಕೇಳಿದ ಡಬ್ಬಿಯನ್ನು ಇಳಿಸಿ, ಮುಚ್ಚಳ ತೆಗೆದು ಮುಖದ ಹತ್ತಿರ ಹಿಡಿಯುತ್ತಾರೆ. ಇಷ್ಟವಾದರೆ 100 ಗ್ರಾಂ ತೂಗಿ ಕಾಗದದ ಚೀಲಕ್ಕೆ ತುಂಬಿ, ನೀರು ಎಷ್ಟು ಬಿಸಿಯಿರಬೇಕು, ಸೊಪ್ಪು ಎಷ್ಟು ನಿಮಿಷ ನೆನೆಯಬೇಕು ಎಂಬುದನ್ನು ಚೀಲದ ಮೇಲೆಯೇ ಬರೆದುಕೊಡುತ್ತಾರೆ. ಮುಂದಿನ ಗಿರಾಕಿ ಎಷ್ಟು ಹೊತ್ತು ಕಾದರೂ ಯಾರಿಗೂ ಅವಸರವಿಲ್ಲ. ಈ ಊರಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಶಿಸ್ತು ಇದು.

ಇದಕ್ಕೆ ಬಂದರಿನ ಹಿನ್ನೆಲೆಯಿದೆ. 1888ರಲ್ಲಿ ಉದ್ಘಾಟನೆಯಾದ ಇಲ್ಲಿನ ಕೆಂಪು ಇಟ್ಟಿಗೆಯ ಉಗ್ರಾಣಗಳ ಸಾಲಿಗೆ ಸ್ಪೈಖರ್‌ಷ್ಟಾಟ್ ಎಂದು ಹೆಸರು. ಕಾಲುವೆಗಳ ದಡದಲ್ಲಿ ನಿಂತ ಆ ಕಟ್ಟಡಗಳಲ್ಲಿ ಚಹಾ, ಕಾಫಿ, ಕೋಕೋ, ಸಂಬಾರ ಪದಾರ್ಥಗಳನ್ನು ತಲೆಮಾರುಗಳ ಕಾಲ ಕೂಡಿಡಲಾಗಿತ್ತು. 2015ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಸ್ಸಾಮ್, ಶ್ರೀಲಂಕಾ, ಚೀನಾಗಳಿಂದ ಜರ್ಮನಿಗೆ ಬರುವ ಸೊಪ್ಪಿನ ದೊಡ್ಡ ಪಾಲು ಇಲ್ಲಿ ಮಿಶ್ರಣಗೊಂಡು, ಪರಿಮಳ ಬೆರೆಸಿಕೊಂಡು, ಮತ್ತೆ ಬೇರೆ ದೇಶಗಳಿಗೆ ಹೊರಡುತ್ತದೆ.

ನಮ್ಮ ಮನೆಗಳಲ್ಲಿಯೂ ಪರಿಮಳದ ಚಹಾ ಇಲ್ಲವೆಂದಲ್ಲ. ಶುಂಠಿ ಜಜ್ಜಿ, ಏಲಕ್ಕಿ ಕುಟ್ಟಿ, ಹಾಲಿನೊಡನೆ ಕುದಿಸಿದ ಚಹಾ ಪರಿಮಳದ್ದೇ. ಆದರೆ ನಾವು ಪರಿಮಳವನ್ನು ಒಲೆಯ ಮೇಲೆ ಸೇರಿಸುತ್ತೇವೆ, ಇವರು ಒಣ ಎಲೆಗೆ ಕುಡಿಸುತ್ತಾರೆ. ಹಾಗಾಗಿ ಇದನ್ನು ಸವಿಯುವ ರೀತಿಯೂ ಬೇರೆ. ಹಾಲಿನ ಕೊಬ್ಬು ಪರಿಮಳವನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಸಕ್ಕರೆ ಎಲೆಯ ಒಗರನ್ನು ಮುಚ್ಚುತ್ತದೆ. ಹೊಸ ಸೊಪ್ಪು ತಂದ ದಿನ ಎರಡನ್ನೂ ದೂರವಿಟ್ಟು ಕುಡಿಯಲೇಬೇಕು. ಎಲೆಯ ನಿಜ ಗೊತ್ತಾದ ಮೇಲೆ ಮನಸ್ಸಿಗೆ ಬಂದದ್ದನ್ನು ಬೆರೆಸಿಕೊಳ್ಳಬಹುದು.

ವೃತ್ತಿಯಲ್ಲಿರುವ ರುಚಿಪರೀಕ್ಷಕರಿಗೆ 1980ರಿಂದಲೇ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ: 100 ಮಿಲಿಲೀಟರ್ ಕುದಿಯುವ ನೀರಿಗೆ 2 ಗ್ರಾಂ ಸೊಪ್ಪು, 6 ನಿಮಿಷ. ಸೊಪ್ಪಿನ ಕುಂದುಗಳೆಲ್ಲ ಬಯಲಾಗಲಿ ಎಂದೇ ಅಷ್ಟು ಗಡುಸಾಗಿ ಇಳಿಸುತ್ತಾರೆ. ಮನೆಯಲ್ಲಿ ಸಂತೋಷಕ್ಕೆ ಕುಡಿಯುವವರಿಗೆ ಅಷ್ಟು ಬೇಡ. ಒಂದು ಲೋಟ ನೀರಿಗೆ ಅದೇ 2 ಗ್ರಾಂ ಸಾಕು. ಕಪ್ಪು ಚಹಾಕ್ಕೆ ಕುದಿಯುವ ನೀರು, 3 ನಿಮಿಷ. ಹಸಿರು ಚಹಾಕ್ಕೆ 80 ಡಿಗ್ರಿಗೆ ಇಳಿದ ನೀರು, 2 ನಿಮಿಷ. ಮೊದಲ ಗುಟುಕಿನಲ್ಲಿ ಮೂಗನ್ನು ಬೆರಳಿನಿಂದ ಬಿಗಿಹಿಡಿದು ನುಂಗಿ. ನಾಲಿಗೆಗೆ ಒಗರು, ಕಹಿ ಮಾತ್ರ ತಿಳಿಯುತ್ತದೆ. ಬೆರಳು ಬಿಟ್ಟೊಡನೆ ಹೂವು, ಹಣ್ಣು, ಹೊಗೆ ಎಲ್ಲವೂ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರಿ ಬರುತ್ತವೆ. ನಾವು ರುಚಿ ಎಂದುಕೊಳ್ಳುವುದರಲ್ಲಿ ವಾಸನೆಯ ಪಾಲು ಎಷ್ಟೆಂಬುದು ಒಂದೇ ಗುಟುಕಿನಲ್ಲಿ ತಿಳಿಯುತ್ತದೆ. ನಿಮ್ಮ ಊರಿನ ನೀರು ಗಡಸಾಗಿದ್ದರೆ ಚಹಾದ ಮೇಲೆ ತೆಳ್ಳಗೆ ಕೆನೆಯಂಥದ್ದು ಕಟ್ಟುತ್ತದೆ, ನವಿರಾದ ಪರಿಮಳಗಳೂ ಮಂಕಾಗುತ್ತವೆ. ಸೋಸಿದ ಮೃದು ನೀರಿನಲ್ಲಿ ಅದೇ ಸೊಪ್ಪನ್ನು ಮತ್ತೊಮ್ಮೆ ಇಳಿಸಿ ನೋಡಿ.

ನಾನು ಯಾರಿಗಾದರೂ ಮೊದಲು ಕುಡಿಸುವುದು ಅರ್ಲ್ ಗ್ರೇ. 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದವರ ಹೆಸರು ಹೊತ್ತ ಈ ಕಪ್ಪು ಚಹಾಕ್ಕೆ ಬೆರ್ಗಮಾಟ್ ಎಂಬ ಹಣ್ಣಿನ ಸಿಪ್ಪೆಯ ತೈಲವನ್ನು ಸೇರಿಸುತ್ತಾರೆ. ಹಣ್ಣು ಬಹುಪಾಲು ಬೆಳೆಯುವುದು ಇಟಲಿಯ ತುದಿಯ ಕಲಾಬ್ರಿಯಾ ಕರಾವಳಿಯ ಒಂದು ಪಟ್ಟಿಯಲ್ಲಿ. ಹೇರಳೆಕಾಯಿಯ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಚಿಮ್ಮುವ ಘಾಟಿಗೆ ಒಂದಿಷ್ಟು ಹೂವಿನ ಮೆದುತನ ಕೂಡಿದರೆ ಹೇಗಿರುತ್ತದೋ ಹಾಗಿದೆ ಅದರ ಪರಿಮಳ.

ಆ ಹೂವಿನ ಮೆದುತನಕ್ಕೆ ಮುಖ್ಯ ಕಾರಣಗಳಲ್ಲೊಂದು ಲಿನಲೂಲ್ ಎಂಬ ರಾಸಾಯನಿಕ. ಅದು ಚಹಾ ಎಲೆಯಲ್ಲಿಯೇ ಹುಟ್ಟಿನಿಂದ ಅಡಗಿರುತ್ತದೆ, ಕಿತ್ತ ಎಲೆ ಬಾಡುವಾಗ ಹೊರಬರುತ್ತದೆ. ಮಲ್ಲಿಗೆಯಲ್ಲಿಯೂ ಅದೇ ಇದೆ. ನಾವು ಕಷಾಯದ ಪುಡಿಗೆ ಹುರಿಯುವ ಕೊತ್ತಂಬರಿ ಬೀಜದ ತೈಲದಲ್ಲಂತೂ ಅದೇ ಪ್ರಧಾನ. ಇದನ್ನು ತಿಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಬೆರ್ಗಮಾಟ್, ಮಲ್ಲಿಗೆ ಚಹಾದ ಮೇಲೆ ಬಂದು ಕೂರುವ ಹೊರಗಿನವರಲ್ಲ, ಎಲೆಯ ಒಳಗಿನ ಪರಿಮಳಕ್ಕೆ ರಕ್ತಸಂಬಂಧಿಗಳು. ಅಂದಿನಿಂದ ಯಾವ ಪರಿಮಳದ ಚಹಾ ಕೈಗೆ ಬಂದರೂ ನಾನು ಹುಡುಕುವುದು ಇದನ್ನೇ: ಹೊರಗಿನಿಂದ ಬಂದ ಘಮಕ್ಕೂ ಎಲೆಗೂ ನಂಟಿದೆಯೇ, ಘಮ ಕರಗಿದ ಮೇಲೆ ಎಲೆ ಉಳಿಯುತ್ತದೆಯೇ?

ಇಲ್ಲಿ ಬಹಳ ಜನ ಮೆಚ್ಚುವ ಸ್ಟ್ರಾಬೆರಿ-ಕೆನೆ ಚಹಾದಲ್ಲಿ ನನಗೆ ಆ ನಂಟು ಸಿಗಲಿಲ್ಲ. ಡಬ್ಬಿ ತೆರೆದರೆ ಕೋಣೆಯೆಲ್ಲ ಸಿಹಿಸಿಹಿ, ಕುಡಿದರೆ ನಾಲಿಗೆಯ ಮೇಲೆ ಏನೂ ಇಲ್ಲ. ಹಣ್ಣಿನ ಚಹಾ ಎನ್ನುವುದರಲ್ಲಿ ಚಹಾ ಸೊಪ್ಪೇ ಇರುವುದಿಲ್ಲ. ನಮ್ಮ ಪುಂಡಿಯ ಕುಲಕ್ಕೇ ಸೇರಿದ ದಾಸವಾಳವೊಂದರ ಹೂವಿನ ಬುಡದ ಕೆಂಪು ಪುಷ್ಪಪಾತ್ರೆ, ಗುಲಾಬಿ ಗಿಡದ ಕಾಯಿ, ಒಣ ಸೇಬು ಇರುತ್ತವೆ. ಹುಳಿ ಇಷ್ಟಪಡುವ ಮಕ್ಕಳಿಗೆ ಒಳ್ಳೆಯದು. ಕೊಳ್ಳುವವರು ಚೀಟಿಯನ್ನು ಓದಬೇಕು. ಯುರೋಪಿನ ನಿಯಮದಂತೆ ‘ನೈಸರ್ಗಿಕ ಬೆರ್ಗಮಾಟ್ ಪರಿಮಳ’ ಎಂದು ಹಣ್ಣಿನ ಹೆಸರು ಹಿಡಿದು ಬರೆಯಬೇಕಾದರೆ ಆ ಪರಿಮಳದಲ್ಲಿ ಶೇಕಡ 95ರಷ್ಟಾದರೂ ಅದೇ ಹಣ್ಣಿನಿಂದ ಬಂದಿರಬೇಕು. ಬರೀ ‘ಪರಿಮಳ’ ಎಂದಿದ್ದರೆ ಅದು ಪ್ರಯೋಗಾಲಯದ್ದೂ ಆಗಿರಬಹುದು.

ಡಿಸೆಂಬರಿನಲ್ಲಿ ಸಂಜೆ 4ಕ್ಕೇ ಕತ್ತಲಾದಾಗ ದಾಲ್ಚಿನ್ನಿ, ಲವಂಗ, ಕಿತ್ತಳೆ ಸಿಪ್ಪೆ ಬೆರೆಸಿದ ಕ್ರಿಸ್‌ಮಸ್ ಚಹಾಗಳು ಅಂಗಡಿ ತುಂಬುತ್ತವೆ. ಕ್ರಿಸ್‌ಮಸ್‌ವರೆಗೆ ದಿನಕ್ಕೊಂದರಂತೆ 24 ಬಗೆಯ ಚಹಾ ಪೊಟ್ಟಣಗಳಿರುವ ಪೆಟ್ಟಿಗೆಗಳೂ ಸಿಗುತ್ತವೆ. ರುಚಿ ನೋಡುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕವಿಲ್ಲ. ಪಶ್ಚಿಮಕ್ಕೆ ಒಂದಿಷ್ಟು ದೂರ ಹೋದರೆ ಜರ್ಮನಿಯದೇ ಕರಾವಳಿ ಪ್ರದೇಶವಾದ ಪೂರ್ವ ಫ್ರೀಸಿಯಾದವರು ಇದ್ಯಾವುದಕ್ಕೂ ಸೊಪ್ಪು ಹಾಕುವುದಿಲ್ಲ. ಅಸ್ಸಾಮಿನ ಗಟ್ಟಿ ಚಹಾ, ತಳದಲ್ಲಿ ಚಟಪಟ ಎನ್ನುವ ಕಲ್ಲುಸಕ್ಕರೆ, ಮೇಲೆ ಒಂದು ಚಮಚ ಕೆನೆ. ಕಲಕುವ ಮಾತೇ ಇಲ್ಲ. ಮೊದಲು ಕೆನೆ, ಆಮೇಲೆ ಕಹಿ, ಕೊನೆಗೆ ಸಿಹಿ. ಕನಿಷ್ಠ ಮೂರು ಬಟ್ಟಲಾಗುವವರೆಗೆ ಅತಿಥಿಯನ್ನು ಬಿಡುವವರಲ್ಲ. ಸಾಕೆನಿಸಿದರೆ ಚಮಚವನ್ನು ಬಟ್ಟಲಿನಲ್ಲಿ ಇಡಬೇಕು.

ನನ್ನ ಮನಸ್ಸು ನಿಂತಿರುವುದು ಮಾತ್ರ ಮಲ್ಲಿಗೆ ಚಹಾದಲ್ಲಿ. ಚೀನಾದ ಫುಜೌ ಅದರ ತವರು. ಅಲ್ಲಿ ಮಲ್ಲಿಗೆಯ ಬಲಿತ ಮೊಗ್ಗನ್ನು ಹಗಲಿನಲ್ಲಿ ಬಿಡಿಸುತ್ತಾರೆ, ಏಕೆಂದರೆ ಅದು ಅರಳಿ ಪರಿಮಳ ಬಿಡುವುದು ರಾತ್ರಿ. ಅರಳತೊಡಗಿದ ಹೂವನ್ನು ಹಸಿರು ಚಹಾದೊಡನೆ ಬೆರೆಸಿ ರಾಶಿ ಹಾಕುತ್ತಾರೆ. ಹೂವು ಉಸಿರಾಡುತ್ತಾ ರಾಶಿ ಬಿಸಿಯಾಗುತ್ತದೆ, ನಡುರಾತ್ರಿ ಅದನ್ನು ಹರಡಿ ಆರಿಸಬೇಕು. ಒಣ ಎಲೆ ಹೂವಿನ ಪರಿಮಳದ ಜೊತೆಗೆ ಅದರ ತೇವವನ್ನೂ ಹೀರುತ್ತದೆ, ಆದ್ದರಿಂದ ಬೆಳಿಗ್ಗೆ ಹೂವನ್ನು ಬೇರ್ಪಡಿಸಿ ಎಲೆಯನ್ನು ಮತ್ತೆ ಒಣಗಿಸುತ್ತಾರೆ. ಮರುದಿನ ಹೊಸ ಹೂವು. ಉತ್ತಮ ದರ್ಜೆಯ ಚಹಾಕ್ಕೆ ಇದು ಹಲವು ಸುತ್ತು ನಡೆಯುತ್ತದೆ. ಬಟ್ಟಲಿಗೆ ಬರುವಾಗ ಅದರಲ್ಲಿ ಹೂವೇ ಇರದಿದ್ದರೂ ಹೂವಲ್ಲದೆ ಬೇರೇನೂ ನೆನಪಾಗುವುದಿಲ್ಲ.

ಆ ಹೂವು ನಮ್ಮ ಉಡುಪಿಯ ಶಂಕರಪುರ ಮಲ್ಲಿಗೆಯ ಜಾತಿಯದೇ. ಇಲ್ಲಿಗೆ ಬಂದಿದ್ದ ಅಮ್ಮ ಮೊದಲ ಬಟ್ಟಲನ್ನು ಮೂಸಿದವಳೇ, “ಮುಡಿಯುವುದನ್ನು ಕುಡಿಯುವುದೇ?” ಎಂದಳು. ಆಮೇಲೆ ಎರಡನೆಯ ಬಟ್ಟಲನ್ನೂ ಕೇಳಿ ಪಡೆದಳು. ಊರಿಗೆ ಮರಳಿದ ಮೇಲೆ ಅಂಗಳದ ಗಿಡದಿಂದ ತಾನೇ ಮಾಡಿ ನೋಡಿದಳು. ಚೆಂಡಿನ ಲೆಕ್ಕದಲ್ಲಿ ಪೇಟೆಯಿಂದ ತಂದ ಹೂವು ಇದಕ್ಕಾಗದು, ಔಷಧಿ ಸಿಂಪಡಿಸಿರಬಹುದು. ಮನೆಯ ಗಿಡದ್ದೇ ಬೇಕು.

ಅವಳ ವಿಧಾನ ಹೀಗೆ. ಸಂಜೆಯ ಹೊತ್ತಿಗೆ ಬಿರಿಯಲು ಸಿದ್ಧವಾದ ಮೊಗ್ಗುಗಳನ್ನು ಬಿಡಿಸಿ, ತೊಟ್ಟು ತೆಗೆದು, ನೀಲಗಿರಿಯ ಹಸಿರು ಚಹಾದ ಮೇಲೆ ಒಂದು ಪದರ ಹರಡುವುದು. ಮೇಲೆ ಮತ್ತೆ ಚಹಾ, ಮತ್ತೆ ಮೊಗ್ಗು. ಸ್ಟೀಲ್ ಡಬ್ಬಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಇರುಳಿಡೀ ಬಿಡುವುದು. ಬೆಳಿಗ್ಗೆ ಹೂವನ್ನೆಲ್ಲ ಆರಿಸಿ, ಸೊಪ್ಪನ್ನು ಉಗುರುಬೆಚ್ಚಗಿನ ಕಾವಲಿಯ ಮೇಲೆ ಗರಿಗರಿಯಾಗುವವರೆಗೆ ಆಡಿಸುವುದು. ಕಾವು ಹೆಚ್ಚಾದರೆ ಪರಿಮಳ ಹಾರಿಹೋಗುತ್ತದೆ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಒಂದು ರಾತ್ರಿಯದು ಬಟ್ಟಲಿನಲ್ಲಿ ಸುಳಿದು ಮಾಯವಾಯಿತು, ಎರಡನೆಯ ರಾತ್ರಿ ಹೊಸ ಮೊಗ್ಗು ಹಾಕಿದ ಮೇಲೆ ನಿಂತಿತು ಎಂದು ಫೋನಿನಲ್ಲಿ ಹೇಳಿದಳು. ಬರುವ ಬೇಸಿಗೆಯಲ್ಲಿ ಗಿಡ ತುಂಬ ಮೊಗ್ಗು ಬಿಟ್ಟಾಗ ಮೂರನೆಯ ರಾತ್ರಿಯೂ ಇಟ್ಟು ನೋಡುವ ಯೋಚನೆ ಅವಳದು. ಅದರಲ್ಲಿ 100 ಗ್ರಾಂ ನನಗೆ ಕಳುಹಿಸುತ್ತಾಳಂತೆ.