ಅವನಿಗೆ ಎಂತ ಕಮ್ಮಿ?

"ಮಾಷ್ಟ್ರೇ, ದೊಡ್ಡ ಮನೆ ಉಂಟು, ಕಾರು ಉಂಟು, ಮಕ್ಕಳು ಚೆನ್ನಾಗಿ ಓದ್ತಾರೆ. ಅವನಿಗೆ ಎಂತ ಕಮ್ಮಿ ಅಂತ ಈ ಬೇಜಾರು?"

ಬದಿಯಡ್ಕ ಪೇಟೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಜನ ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಕನ್ನಡ ಶಾಲೆಯಲ್ಲಿ ನನ್ನ ಹತ್ತಿರ ಕಲಿತವರು ರಜೆಯಲ್ಲಿ ಊರಿಗೆ ಬಂದರೆ ಮನೆಗೆ ಬಂದು ಮನಸ್ಸು ಬಿಚ್ಚಿ ಮಾತಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು.

ಏನೂ ಕಮ್ಮಿ ಇಲ್ಲದಿರಬಹುದು ಎಂಬುದೇ ನನ್ನ ಉತ್ತರ. ಮನಸ್ಸು ಕುಸಿಯಲು ಕೊರತೆಯೇ ಬೇಕೆಂದಿಲ್ಲ. ವಿರಾಟ್ ಕೊಹ್ಲಿ 2014ರ ಇಂಗ್ಲೆಂಡ್ ಪ್ರವಾಸದಲ್ಲಿ ಹತ್ತು ಇನಿಂಗ್ಸ್‌ಗಳಲ್ಲಿ ಗಳಿಸಿದ್ದು 134 ರನ್. ಆಗ ಖಿನ್ನತೆ ಕಾಡಿತ್ತು, ಬೆಂಬಲಿಸುವವರು ಸುತ್ತ ಇದ್ದರೂ ಒಂಟಿಯಾಗಿದ್ದೆ ಎಂದು ಅವರು ಬಾಯಿಬಿಟ್ಟು ಹೇಳಿದ್ದು 2021ರಲ್ಲಿ. ಅಷ್ಟರೊಳಗೆ ಅದೇ ಇಂಗ್ಲೆಂಡಿನಲ್ಲಿ, 2018ರಲ್ಲಿ, 593 ರನ್ ಹೊಡೆದಾಗಿತ್ತು. ದೀಪಿಕಾ ಪಡುಕೋಣೆಯವರ ಚಿತ್ರಗಳು 2013ರಲ್ಲಿ ಸಾಲಾಗಿ ಗೆದ್ದವು, ಮರುವರ್ಷ ಅವರು ಖಿನ್ನತೆಗೆ ಬಿದ್ದರು. ಏನೋ ಸರಿಯಿಲ್ಲ ಎಂದು ಗುರುತಿಸಿದವರು ಅವರ ತಾಯಿ.

ನಮ್ಮೂರಲ್ಲಿ ಹಾಗೆ ಗುರುತಿಸುವವರು ಯಾರು? ಗಲ್ಫಿನಿಂದ ರಜೆಗೆ ಬಂದವನನ್ನೇ ನೋಡಿ. ಮೊದಲ ದಿನ ನೆಂಟರಿಗೆ ಚಾಕಲೇಟು, ಅತ್ತರು, ಟೈಗರ್ ಬಾಮ್. ಆಮೇಲೆ ಬರುವವರೆಲ್ಲ ಒಂದೊಂದು ಬೇಡಿಕೆ ಹೊತ್ತೇ ಬರುತ್ತಾರೆ: ತಮ್ಮನಿಗೊಂದು ವೀಸಾ, ಭಜನಾ ಮಂದಿರಕ್ಕೆ ದೇಣಿಗೆ, ಮಗಳ ಮದುವೆಗೆ ಕೈಗಡ. ಎದ್ದು ಹೊರಡುವಾಗ ಜಗಲಿಯಲ್ಲಿ ನಿಂತು ಒಂದು ಮಾತು, "ಇನ್ನು ಯಾವಾಗ ವಾಪಸ್?" ಅಲ್ಲಿ ಕೆಲಸ ಉಳಿದಿದೆಯೋ ಇಲ್ಲವೋ ಯಾರೂ ವಿಚಾರಿಸುವುದಿಲ್ಲ. ಅವನಾಗಿಯೇ ಕಷ್ಟ ಹೇಳಿಕೊಂಡರೆ ನಂಬುವುದೂ ಇಲ್ಲ. ದುಡ್ಡು ಕೊಡಲಿಕ್ಕೆ ಮನಸ್ಸಿಲ್ಲದೆ ಕಥೆ ಕಟ್ಟುತ್ತಾನೆ ಅಂತೇವೆ. ನನಗೆ ಅತ್ಯಂತ ಸಂಕಟವಾಗುವುದು ಇಲ್ಲಿಯೇ. ಬಡವ ಅತ್ತರೆ ಕನಿಕರವಾದರೂ ಸಿಗುತ್ತದೆ, ಗೆದ್ದವನು ಅತ್ತರೆ ಸಿಗುವುದು ಅನುಮಾನ. ಹಾಗಾಗಿ ಅವನು ಬಾಯಿ ಮುಚ್ಚಿಕೊಂಡು ಮತ್ತೆ ವಿಮಾನ ಹತ್ತುತ್ತಾನೆ.

ಎಂತ ಕಮ್ಮಿ ಎಂದು ನನ್ನನ್ನು ಕೇಳುವ ಬದಲು ಅವನ ಹತ್ತಿರವೇ ಕೂತು "ರಾತ್ರಿ ನಿದ್ದೆ ಬರ್ತದಾ?" ಎಂದು ಕೇಳಿ. ಉತ್ತರ ಬರಲು ತಡವಾದರೆ ಕಾಯಿರಿ. ನಡುವೆ ನಿಮ್ಮ ಕಷ್ಟದ ಪಟ್ಟಿ ಬೇಡ. ಎರಡು ವಾರವಾದರೂ ಮಂಕು ಬಿಡದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ ವೈದ್ಯರನ್ನು ಕಾಣಲೇಬೇಕು. ಊರವರು ಕಂಡಾರೆಂದು ಆಸ್ಪತ್ರೆಗೆ ಹೋಗಲು ಅಳುಕುವವರು ಮೊದಲು ಫೋನಿನಲ್ಲಾದರೂ ಮಾತಾಡಲಿ. ಮನಸ್ಸಿನ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 2022ರಿಂದ ಇದೆ, ಹಗಲು ರಾತ್ರಿ ಉಚಿತ, ನಂಬರು 14416.