ಬಚ್ಚಲ ಒಲೆಯ ಇದ್ದಿಲು ಸಾಲದೇ?

ಅಡಿಕೆ ಸಿಪ್ಪೆಯಿಂದ ಸಕ್ರಿಯ ಇಂಗಾಲ, ಅಂದರೆ ಒಳಗೆಲ್ಲ ಸಣ್ಣ ಸಣ್ಣ ತೂತು ಕೊರೆದ ಇದ್ದಿಲು, ಮಾಡಿ ಬಣ್ಣದ ನೀರನ್ನು ತಿಳಿಗೊಳಿಸಬಹುದು ಎಂದರೆ ಸಾಕು, ಕಾಸರಗೋಡಿನ ಬದಿಯಡ್ಕದಲ್ಲಾಗಲಿ ಪೆರ್ಲದಲ್ಲಾಗಲಿ ಎದುರಾಗುವ ಪ್ರಶ್ನೆ ಒಂದೇ: "ಬಚ್ಚಲ ಒಲೆಯಲ್ಲಿ ದಿನಾ ಇದ್ದಿಲು ಆಗ್ತದಲ್ಲ ಮಾಷ್ಟ್ರೇ, ಅದನ್ನೇ ಗುದ್ದಿ ಹಾಕಿದರೆ ಸಾಲದಾ?"

ಸಾಲುವುದಿಲ್ಲ. ಆದರೆ ಪ್ರಶ್ನೆ ತುಂಬ ಒಳ್ಳೆಯದು. ಹುಣಸೆಹುಳಿಯಲ್ಲಿರುವ ಟಾರ್ಟಾರಿಕ್ ಆಮ್ಲವಿದೆಯಲ್ಲ, ಅದರ ದ್ರಾವಣದ ಕಂದು ಬಣ್ಣವನ್ನು ಇದ್ದಿಲು ತೆಗೆಯುತ್ತದೆ ಎಂದು ಲೋವಿಟ್ಸ್ ಎಂಬ ರಸಾಯನಜ್ಞ 1785ರಲ್ಲೇ ಕಂಡುಕೊಂಡಿದ್ದ. ಅಂದರೆ ಒಲೆಯ ಇದ್ದಿಲಿಗೂ ಆ ಗುಣ ಇದೆ, ಸ್ವಲ್ಪವೇ ಇದೆ.

ಎರಡು ಗ್ಲಾಸು ನೀರಿನಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಕರಗಿಸಿ ಮಕ್ಕಳಿಗೆ ತೋರಿಸುತ್ತೇನೆ. ಇದ್ದಿಲು ಹಾಕಿದ್ದು ಗಂಟೆ ಕಳೆದರೂ ನೀಲಿ. ಸಕ್ರಿಯ ಇಂಗಾಲ ಹಾಕಿ ಸೋಸಿದ್ದು ಬಾವಿ ನೀರಿನಂತೆ ತಿಳಿ. ವ್ಯತ್ಯಾಸವೆಲ್ಲ ತೂತುಗಳದ್ದು. ಬಣ್ಣದ ಕಣಗಳು ಇಂಗಾಲದ ಗೋಡೆಗೆ ಅಂಟಿ ಕೂರಬೇಕು, ಗೋಡೆ ಹೆಚ್ಚಿದಷ್ಟೂ ಜಾಗ ಹೆಚ್ಚು. ಒಲೆಯ ಇದ್ದಿಲಿನಲ್ಲಿ ತೂತುಗಳು ಕಡಿಮೆ, ಇರುವವೂ ಕಟ್ಟಿಗೆ ಸುಡುವಾಗ ಬರುವ ಅಂಟು ಟಾರಿನಿಂದ ಕಟ್ಟಿರುತ್ತವೆ. ಒಳ್ಳೆಯ ಸಕ್ರಿಯ ಇಂಗಾಲದ ಒಂದೇ ಗ್ರಾಮಿನಲ್ಲಿ ಸುಮಾರು 1000 ಚದರ ಮೀಟರ್ ಗೋಡೆ ಇರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 25 ಸೆಂಟ್ಸ್ ಜಾಗ, ಒಂದು ಚಿಟಿಕೆಯೊಳಗೆ! ಎಷ್ಟು ಸಲ ಹೇಳಿದರೂ ನನಗೆ ಇದು ಹಳತಾಗುವುದಿಲ್ಲ.

ತೂತು ಕೊರೆಯಲು ಎರಡು ದಾರಿ. ತೆಂಗಿನ ಗೆರಟೆಯ ಇದ್ದಿಲಿಗೆ 800ರಿಂದ 1000 ಡಿಗ್ರಿಯಲ್ಲಿ ಹಬೆ ಹಾಯಿಸಿದರೆ ಹಬೆ ಇಂಗಾಲವನ್ನೇ ತಿನ್ನುತ್ತಾ ಒಳಗೆ ಹೋಗುತ್ತದೆ. ಅಡಿಕೆ ಸಿಪ್ಪೆಯನ್ನಾದರೆ ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ, ಒಣಗಿಸಿ, ಗಾಳಿಯಾಡದ ಕುಲುಮೆಯಲ್ಲಿ 500 ಡಿಗ್ರಿ ಆಸುಪಾಸಿನಲ್ಲಿ ಸುಟ್ಟರೂ ಆಗುತ್ತದೆ. ಗೆರಟೆಯ ಇಂಗಾಲದ ತೂತುಗಳು ಹೆಚ್ಚಿನವು 2 ನ್ಯಾನೋಮೀಟರಿಗಿಂತ ಕಿರಿದು, ದೊಡ್ಡ ಬಣ್ಣದ ಕಣಗಳು ನುಗ್ಗಲು ಒದ್ದಾಡುತ್ತವೆ. ಆಮ್ಲದ ದಾರಿಯಲ್ಲಿ ಅಗಲದ ತೂತುಗಳೂ ಬರುತ್ತವೆ. ಅಂಗಳದ ಮೂಲೆಯಲ್ಲಿ ರಾಶಿ ಬೀಳುವ ಸಿಪ್ಪೆಯ ಮೇಲೆ ನನಗೆ ಆಸೆ ಹುಟ್ಟಿದ್ದು ಇದರಿಂದಲೇ.

ಸುಟ್ಟ ಮೇಲೆ ಆಮ್ಲ ಹೋಗುವವರೆಗೆ ತೊಳೆಯಬೇಕು. ಆ ನೀರನ್ನು ತೋಡಿಗೆ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಆದ್ದರಿಂದ ಇದನ್ನು ಮನೆಯಲ್ಲಿ ಮಾಡಬೇಡಿ ಎಂದೇ ಹೇಳುತ್ತೇನೆ.

ಇನ್ನೊಂದು ಮಾತು, ಯಾರೂ ಕೇಳದಿದ್ದರೂ. ನೀಲಿ ಎಲ್ಲೂ ಮಾಯವಾಗಿಲ್ಲ, ನೀರಿನಿಂದ ಪುಡಿಗೆ ಬಂದು ಕೂತಿದೆ. ಒಮ್ಮೆ ಒಬ್ಬ ಹುಡುಗ ಸೋಸಿದ ಪುಡಿಯನ್ನು ಬಾಳೆಬುಡಕ್ಕೆ ಸುರಿಯಲು ಹೊರಟಿದ್ದ. ತಡೆದು, ಭರಣಿಗೆ ತುಂಬಿಸಿ, ಬಣ್ಣದ ಹೆಸರು ಬರೆಸಿ ಇಡಿಸಿದೆ.